ಬೋಧನೆ ಬಗ್ಗೆ ನಂಬುವಂಥ ಸಂಶೋಧನೆ ಸಿಕ್ಕಿದ್ದು ಹೀಗೆ

ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ ಅಂತಾರಲ್ಲ, ಅದಕ್ಕೆ ಆಧಾರ ಹುಡುಕುತ್ತಿದ್ದೆ. ಸಿಕ್ಕಿದ್ದೆಲ್ಲ ತರಬೇತಿ ಮಾರುವವರ ಪುಟಗಳೇ. ಎಲ್ಲರೂ ‘ಸಂಶೋಧನೆ ಹೇಳುತ್ತದೆ’ ಅಂತಾರೆ, ಯಾವ ಸಂಶೋಧನೆ ಅಂತ ಕೇಳಬೇಡಿ!

ದಾರಿ ಸಿಕ್ಕಿದ್ದು ಎರಿಕ್‌ನಲ್ಲಿ. ಶಿಕ್ಷಣ ಸಂಶೋಧನೆಗಳನ್ನು ಹುಡುಕಲು ಅಮೆರಿಕದ ಶಿಕ್ಷಣ ಇಲಾಖೆ ನಡೆಸುವ ಉಚಿತ ಡೇಟಾಬೇಸ್ ಅದು. ಹುಡುಕುವ ಜಾಗದ ಹತ್ತಿರವೇ ಎರಡು ಚೌಕಗಳಿವೆ: ತಜ್ಞರು ಪರಿಶೀಲಿಸಿದ್ದು ಮಾತ್ರ, ಪೂರ್ತಿ ಲೇಖನ ಅಲ್ಲೇ ಸಿಗುವಂಥದ್ದು ಮಾತ್ರ. ಎರಡಕ್ಕೂ ಟಿಕ್ ಹಾಕಿದರೆ ಜೊಳ್ಳು ಹಾರಿಹೋಗುತ್ತದೆ.

ಆಮೇಲೆ ಒಂದೊಂದೇ ಅಧ್ಯಯನ ಹಿಡಿಯುವ ಬದಲು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಮರ್ಶಾ ಲೇಖನ ಹುಡುಕಿದೆ. ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಬರೆದದ್ದು ಸಿಕ್ಕಿತು. ನೋಡಿ ಕಲಿಯೋದು, ಕೇಳಿ ಕಲಿಯೋದು ಅನ್ನೋ ಕಲಿಕಾ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಜಾಸ್ತಿ ಲಾಭ ಅನ್ನೋದಕ್ಕೆ ಸಾಕಷ್ಟು ಪುರಾವೆಯೇ ಇಲ್ಲ ಅಂತ ಅದರಲ್ಲಿದೆ. ಅಲ್ಲಿಂದ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ಗೆ ಹೋಗಿ, ಅದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಅನ್ನೋ ಕೊಂಡಿ ಒತ್ತಿದರೆ ನಂತರದ ಚರ್ಚೆಯೂ ಸಿಗುತ್ತದೆ, ಒಪ್ಪದವರದ್ದೂ ಸೇರಿ.

ಪುರುಸೊತ್ತಿಲ್ಲದ ಶಿಕ್ಷಕರಿಗೆ ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್‌ನ ಟೂಲ್‌ಕಿಟ್, ಅಂದರೆ ಬೋಧನಾ ವಿಧಾನಗಳ ಬಗೆಗಿನ ಸಂಶೋಧನೆಯ ಸಾರಾಂಶ ಕೊಡುವ ಜಾಲತಾಣ, ಸಾಕು. ಪುರಾವೆ ಎಷ್ಟು ಗಟ್ಟಿ ಅಂತ ಬೀಗದ ಚಿತ್ರಗಳಲ್ಲೇ ತೋರಿಸುತ್ತಾರೆ, ಬೀಗ ಜಾಸ್ತಿ ಇದ್ದಷ್ಟೂ ಗಟ್ಟಿ.