ಮೂಗು ಮೇಲೆತ್ತಿ ನೋಡದೆ ವಿಮಾನ ಬಿಡಬೇಡಿ: ಗ್ಲೋ ಎಂಜಿನ್ ಟ್ಯೂನಿಂಗ್‌ನಲ್ಲಿ ನನ್ನ ಅನುಭವ

ಮಾದರಿ ವಿಮಾನದ ಗ್ಲೋ ಎಂಜಿನ್ (ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಎಂಜಿನ್) ಸರಿಯಾಗಿ ಓಡುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ನೀಡಲ್ ಕಡೆಗೆ, ಅಂದರೆ ಇಂಧನ ಎಷ್ಟು ಹರಿಯಬೇಕು ಅಂತ ಹೊಂದಿಸುವ ಸೂಜಿ ಸ್ಕ್ರೂ ಕಡೆಗೆ ಹೋಗುತ್ತದೆ. ನಾನು ನೀಡಲ್ ಮುಟ್ಟುವುದು ಕೊನೆಗೆ. ಮೊದಲು ಇಂಧನ ಹೊತ್ತಿಸುವ ಪ್ಲಗ್, ಇಂಧನ, ಟ್ಯಾಂಕ್, ಪೈಪು ನೋಡಿಬಿಡುತ್ತೇನೆ. ಇವುಗಳಲ್ಲಿ ಒಂದು ಕೈಕೊಟ್ಟರೂ ಸಾಕು, ನೀಡಲ್ ಎಷ್ಟು ತಿರುಗಿಸಿದರೂ ಸುಮ್ನೆ ಇಂಧನ ದಂಡ.

ಪ್ಲಗ್ ಬಿಚ್ಚಿ ಬ್ಯಾಟರಿಯಿಂದ 1.5 ವೋಲ್ಟ್ ಕೊಟ್ಟರೆ ಒಳಗಿನ ಸುರುಳಿ ಕಿತ್ತಳೆ ಬಣ್ಣಕ್ಕೆ ಬರಬೇಕು. ಅಷ್ಟಕ್ಕೇ ಪ್ಲಗ್ ಚೆನ್ನಾಗಿದೆ ಅಂದುಕೊಳ್ಳುವ ಹಾಗಿಲ್ಲ. ಹಾರುವಾಗ ಬ್ಯಾಟರಿ ಇರುವುದಿಲ್ಲ ಅಲ್ವಾ? ಸುರುಳಿಯಲ್ಲಿರುವ ಪ್ಲಾಟಿನಂ ಮೆಥನಾಲ್ ಆವಿಯನ್ನು ತನ್ನ ಮೈಮೇಲೇ ಉರಿಸಿಕೊಳ್ಳುತ್ತದೆ. ಆ ಬಿಸಿ, ಸಿಲಿಂಡರ್ ಬಿಸಿ ಎರಡೂ ಸೇರಿ ಅದನ್ನು ಕೆಂಪಗೆ ಇಡುತ್ತವೆ. ಸುರುಳಿ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿದ್ದರೆ ಬ್ಯಾಟರಿ ಇದ್ದಾಗ ಚೆನ್ನಾಗಿಯೇ ಕಾಣುತ್ತದೆ, ಬ್ಯಾಟರಿ ತೆಗೆದ ಕೂಡಲೇ ಎಂಜಿನ್ ವೇಗ ಇಳಿಯುತ್ತದೆ. ಅಂಥ ಪ್ಲಗ್ ನಾನು ಯೋಚನೆ ಮಾಡದೆ ಬದಲಿಸುತ್ತೇನೆ.

ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಮುಚ್ಚಳ ಸಡಿಲವಿದ್ದ ಹಳೇ ಡಬ್ಬಿಯ ಇಂಧನ ಬೇಡವೇ ಬೇಡ. ಟ್ಯಾಂಕಿನ ನಡುಮಟ್ಟ ನೀಡಲ್ ಎತ್ತರಕ್ಕೆ ಅಥವಾ ಅದಕ್ಕಿಂತ ಸ್ವಲ್ಪವೇ ಕೆಳಗೆ ಇರಬೇಕು. ಪೈಪನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಒತ್ತಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಬರುತ್ತದೆ.

ಇನ್ನು ಹೈ ಸ್ಪೀಡ್ ನೀಡಲ್, ಅಂದರೆ ಪೂರ್ತಿ ವೇಗದ ಮಿಶ್ರಣ ಹೊಂದಿಸುವ ನೀಡಲ್. ತಯಾರಕರು ಹೇಳಿದಷ್ಟು ಸುತ್ತು ತೆರೆದು, ಎಂಜಿನ್ ಶುರು ಮಾಡಿ, ಬಿಸಿಯಾಗುವವರೆಗೆ ಕಾಯುತ್ತೇನೆ. ಆಮೇಲೆ ಪ್ರೊಪೆಲ್ಲರ್ ಹಿಂದೆ ನಿಂತು ಪೂರ್ತಿ ಥ್ರಾಟಲ್ ಕೊಡುತ್ತೇನೆ. ಬ್ಯಾಟರಿ ತೆಗೆಯುವುದೂ ನೀಡಲ್ ತಿರುಗಿಸುವುದೂ ಹಿಂದಿನಿಂದಲೇ. ಟೂ ಸ್ಟ್ರೋಕ್ ಎಂಜಿನ್ ರಿಚ್ ಇದ್ದರೆ, ಅಂದರೆ ಇಂಧನ ಜಾಸ್ತಿಯಾಗಿದ್ದರೆ, ಬಡಬಡ ಅಂತ ಒರಟು ಸದ್ದು ಬರುತ್ತದೆ, ಹೊಗೆ ದಟ್ಟವಾಗಿರುತ್ತದೆ. ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬಂದರೆ ಸದ್ದು ಒಂದೇ ಎಳೆಯ ಚೂಪು ಸ್ವರವಾಗುತ್ತದೆ. ಪ್ರತಿ ಕ್ಲಿಕ್ ಆದ ಮೇಲೆ ಕೆಲವು ಸೆಕೆಂಡು ಕಾಯಲೇಬೇಕು. ಎಂಜಿನ್ ಹೊಸ ಸೆಟ್ಟಿಂಗ್‌ಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು.

ಈಗ ಇಂಧನದ ಪೈಪನ್ನು ಬೆರಳಲ್ಲಿ ಒಂದು ಕ್ಷಣ ಹಿಸುಕಿ ಬಿಡಿ. ಸ್ವರ ಸ್ವಲ್ಪ ಏರಿ ಮತ್ತೆ ಮೊದಲಿನ ಮಟ್ಟಕ್ಕೆ ಬಂದರೆ ಎಂಜಿನ್ ಚೂರು ರಿಚ್ ಇದೆ, ನಮಗೆ ಬೇಕಾದದ್ದು ಅದೇ. ಏರದೆ ನೇರ ಕುಸಿದರೆ ಲೀನ್ ಆಗಿದೆ, ಅಂದರೆ ಇಂಧನ ಕಮ್ಮಿಯಾಗಿದೆ, ತಕ್ಷಣ ನೀಡಲ್ ತೆರೆಯಿರಿ. ಎಂಜಿನ್ ವೇಗ ಅಳೆಯುವ ಟ್ಯಾಕೋಮೀಟರ್ ಇದ್ದರೆ ಗರಿಷ್ಠ ವೇಗ ಹುಡುಕಿ, ಅಲ್ಲಿಂದ 200ರಿಂದ 400 ಆರ್‌ಪಿಎಂ ಕಮ್ಮಿ ಆಗುವಷ್ಟು ರಿಚ್ ಮಾಡಿ. ಇಂಧನದ ಜೊತೆ ಹೋಗುವ ಎಣ್ಣೆಯೇ ಈ ಎಂಜಿನ್‌ಗೆ ಲೂಬ್ರಿಕೇಶನ್. ಲೀನ್ ಆದರೆ ಎಣ್ಣೆಯೂ ಕಮ್ಮಿ, ಬಿಸಿಯೂ ಜಾಸ್ತಿ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿದಿದೆ. ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ. ಪೂರ್ತಿ ಥ್ರಾಟಲ್‌ನಲ್ಲಿ, ಜೊತೆಗಾರರೊಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ನೇರ ಮೇಲಕ್ಕೆ ಎತ್ತಬೇಕು. ಆಗ ಟ್ಯಾಂಕ್ ಎಂಜಿನ್‌ನ ಕೆಳಗೆ ಬರುತ್ತದೆ. ಇಂಧನ ಅಷ್ಟು ಎತ್ತರ ಏರಿ ಬರಬೇಕು, ಹಾಗಾಗಿ ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ವೇಗ ಹಾಗೇ ನಿಂತರೆ ಅಥವಾ ಸ್ವಲ್ಪ ಏರಿದರೆ ಸರಿ. ಕೆಲವು ಸೆಕೆಂಡಿನಲ್ಲಿ ಸೊರಗಿದರೆ ಇನ್ನೆರಡು ಕ್ಲಿಕ್ ತೆರೆದು ಮತ್ತೆ ಎತ್ತಿ ನೋಡಿ. ನೆಲದ ಮೇಲೆ ಸೊಗಸಾಗಿ ಓಡಿದ ಎಂಜಿನ್ ಟೇಕಾಫ್ ಆಗಿ ಮೇಲೇರುವಾಗ ನಿಂತುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನ ಸಲ ಕಾರಣ ಇದೇ.

ಕಡಿಮೆ ವೇಗದ ಮಿಶ್ರಣ ಹೊಂದಿಸುವ ಲೋ ಸ್ಪೀಡ್ ಸ್ಕ್ರೂ ಇದಾದ ನಂತರವೇ. ಐಡಲ್‌ನಲ್ಲಿ (ಅತಿ ನಿಧಾನ ಓಟದಲ್ಲಿ) ಒಂದು 10 ಸೆಕೆಂಡು ಬಿಟ್ಟು ಒಮ್ಮೆಲೇ ಥ್ರಾಟಲ್ ಕೊಡಿ. ಗೊರಗೊರ ಅಂತ ಹೊಗೆ ಉಗುಳಿ ನಿಧಾನ ಏರಿದರೆ ರಿಚ್. ಸ್ವಿಚ್ ಆರಿಸಿದ ಹಾಗೆ ಪಕ್ಕನೆ ನಿಂತರೆ ಲೀನ್. ಇಲ್ಲಿ ಒಂದು ಎಚ್ಚರ ಬೇಕು. ಎರಡು ನೀಡಲ್ ಇರುವ ಕಾರ್ಬ್ಯುರೇಟರ್‌ನಲ್ಲಿ ಸ್ಕ್ರೂ ಬಿಗಿ ಮಾಡಿದರೆ ಲೀನ್ ಆಗುತ್ತದೆ. ಮುಂಭಾಗದಲ್ಲಿ ಗಾಳಿಗೆ ಸಣ್ಣ ತೂತಿರುವ ಏರ್ ಬ್ಲೀಡ್ ನಮೂನೆಯಲ್ಲಿ ಅದು ಉಲ್ಟಾ: ಬಿಗಿ ಮಾಡಿದರೆ ಗಾಳಿ ಕಮ್ಮಿಯಾಗಿ ರಿಚ್ ಆಗುತ್ತದೆ. ನಿಮ್ಮದು ಯಾವುದು ಅಂತ ತಿಳಿದುಕೊಂಡೇ ಸ್ಕ್ರೂಡ್ರೈವರ್ ಹಿಡಿಯಿರಿ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು. ಮುಗಿದ ಮೇಲೆ ಹೈ ಸ್ಪೀಡ್ ಮತ್ತೊಮ್ಮೆ ನೋಡಿ, ಸ್ವಲ್ಪ ಜರುಗಿರುತ್ತದೆ.

ಇಂಧನದಲ್ಲಿ ನೈಟ್ರೋ (ಶಕ್ತಿ ಹೆಚ್ಚಿಸಲು ಬೆರೆಸುವ ನೈಟ್ರೋಮೀಥೇನ್) ಪ್ರಮಾಣ ಹೆಚ್ಚಿಸಿದರೆ ನೀಡಲ್ ಇನ್ನಷ್ಟು ತೆರೆಯಬೇಕಾಗುತ್ತದೆ. ಚಳಿಯಲ್ಲಿ ಗಾಳಿ ಸಾಂದ್ರವಾಗಿರುತ್ತದೆ, ಆಗಲೂ ಅಷ್ಟೇ. ಹಾಗಾಗಿ ಬೆಳಿಗ್ಗೆಯ ಸೆಟ್ಟಿಂಗ್ ಮಧ್ಯಾಹ್ನಕ್ಕೂ ನಡೆಯುತ್ತದೆ ಅಂತ ನಾನು ನಂಬುವುದಿಲ್ಲ, ಪೈಪು ಹಿಸುಕಿ ನೋಡಿಯೇ ಬಿಡುತ್ತೇನೆ. ಹಾರಾಟ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಪೈಪಿನಲ್ಲಿ ಉಳಿದದ್ದೂ ಉರಿದುಹೋಗುವವರೆಗೆ ಎಂಜಿನ್ ಓಡಿಸಿ, ಕಾರ್ಬ್ಯುರೇಟರ್‌ಗೂ ಪ್ಲಗ್ ತೂತಿಗೂ ಕೆಲವು ಹನಿ ಎಣ್ಣೆ ಬಿಡುತ್ತೇನೆ. ಇಲ್ಲದಿದ್ದರೆ ಒಳಗುಳಿದ ಮೆಥನಾಲ್ ತೇವ ಎಳೆದು ಬೇರಿಂಗ್ ತುಕ್ಕು ಹಿಡಿಸುತ್ತದೆ.