ಬೇಟೆಗಾರ ಮೀನಿನ ಮರಿಗಳಿಗೆ ಸಿದ್ಧ ಆಹಾರವನ್ನು ರೂಢಿ ಮಾಡಿಸುವ ಬಗೆ

ಆಸ್ಕರ್, ಪೀಕಾಕ್ ಬಾಸ್, ಅರೋವಾನಾ, ಸ್ನೇಕ್‌ಹೆಡ್, ಗಾರ್, ಬಿಚಿರ್ ಮುಂತಾದ ಬೇಟೆಗಾರ ಮೀನುಗಳ ಮರಿಗಳನ್ನು ಸಾಕಲು ತೊಡಗಿದವರಿಗೆ ಮೊದಲ ವಾರದಲ್ಲಿಯೇ ಎದುರಾಗುವ ತೊಡಕೆಂದರೆ, ಡಬ್ಬಿಯಿಂದ ತೆಗೆದು ಹಾಕಿದ ಒಣ ಆಹಾರದ ಗುಳಿಗೆಯ, ಅಂದರೆ ಪೆಲೆಟ್‌ನ ಕಡೆಗೆ ಮರಿಯು ತಿರುಗಿಯೂ ನೋಡದಿರುವುದು. ಇದನ್ನು ಹಟವೆಂದು ತಿಳಿಯಬಾರದು. ಆ ಮರಿಯ ಪಾಲಿಗೆ ಆಹಾರವೆಂದರೆ ಅಲುಗಾಡುವಂಥದ್ದು, ನೀರಿನಲ್ಲಿ ವಾಸನೆ ಬಿಡುವಂಥದ್ದು, ಉದ್ದನೆಯ ಮೈಯುಳ್ಳದ್ದು ಮತ್ತು ಬಾಯಿಗೆ ಮೆತ್ತಗೆ ಸಿಗುವಂಥದ್ದು. ಪೆಲೆಟ್ ಅಲುಗಾಡುವುದಿಲ್ಲ, ಅದರ ವಾಸನೆ ಪರಿಚಿತವಲ್ಲ, ಆಕಾರ ಗುಂಡಗಿರುತ್ತದೆ, ಕಚ್ಚಿದರೆ ಗಟ್ಟಿಯಾಗಿರುತ್ತದೆ. ಈ ನಾಲ್ಕು ಗುಣಗಳನ್ನೂ ಒಮ್ಮೆಲೇ ಬದಲಿಸಿದರೆ ಮರಿ ಸೋಲುತ್ತದೆ. ಒಂದೊಂದಾಗಿ, ಹಿಂದಿನದು ಗಟ್ಟಿಯಾದ ಮೇಲೆ ಮುಂದಿನದನ್ನು ಬದಲಿಸಿದರೆ ಹೆಚ್ಚಿನ ಜಾತಿಯ ಮರಿಗಳು ಕೆಲವೇ ವಾರಗಳಲ್ಲಿ ಪೆಲೆಟ್‌ಗೆ ಒಗ್ಗಿಕೊಳ್ಳುತ್ತವೆ.

ಜೀವಂತ ಮೀನನ್ನೇ ಹಾಕುತ್ತ ಹೋದರೇನು ಎಂಬ ಪ್ರಶ್ನೆ ಸಹಜ. ಮೇವಿಗೆಂದು ಮಾರುವ ಅಗ್ಗದ ಮೀನುಗಳನ್ನು ಇಕ್ಕಟ್ಟಾದ ತೊಟ್ಟಿಗಳಲ್ಲಿ ಇಡುವುದರಿಂದ ಅವುಗಳ ಜೊತೆಗೆ ಪರೋಪಜೀವಿಗಳೂ ಬ್ಯಾಕ್ಟೀರಿಯಾ ರೋಗಗಳೂ ನಮ್ಮ ತೊಟ್ಟಿಗೆ ಬರುತ್ತವೆ. ಅದಕ್ಕಿಂತ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಹಾನಿಯಿದೆ: ಗೋಲ್ಡ್‌ಫಿಶ್ ಮತ್ತು ಅದೇ ಕುಟುಂಬದ ಹಲವು ಮೀನುಗಳ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅವನ್ನೇ ತಿಂದ ಮೀನು ಮೊದಲು ಹಸಿವು ಕಳೆದುಕೊಳ್ಳುತ್ತದೆ, ಬಳಿಕ ಈಜುವಾಗ ಸಮತೋಲ ತಪ್ಪುತ್ತದೆ. ಅಂಥ ಮೀನನ್ನು ಹೆಪ್ಪುಗಟ್ಟಿಸಿ ಕೊಟ್ಟರೂ ಈ ದೋಷ ಹೋಗುವುದಿಲ್ಲ. ಹೆಪ್ಪುಗಟ್ಟಿಸುವುದರಿಂದ ಹಲವು ಪರೋಪಜೀವಿಗಳು ಸಾಯುತ್ತವೆಯೇ ಹೊರತು ಕಿಣ್ವ ನಾಶವಾಗುವುದಿಲ್ಲ. ಬೇಟೆಯನ್ನು ನೋಡುವ ಆಸೆಗಾಗಿ ಮೇವಿನ ಮೀನು ಹಾಕುವವರೂ ಇದ್ದಾರೆ, ಆದರೆ ಆ ನೋಟಕ್ಕೆ ತೆರಬೇಕಾದ ಬೆಲೆ ಮೀನಿನ ಆರೋಗ್ಯ ಎಂಬುದು ನನ್ನ ಅಭಿಪ್ರಾಯ.

ಮರಿ ಹೊಸ ತೊಟ್ಟಿಗೆ ಬಂದ ದಿನವೇ ಈ ಕೆಲಸವನ್ನು ಆರಂಭಿಸಬಾರದು. ಹೆದರಿದ ಮೀನು ಯಾವುದನ್ನೂ ತಿನ್ನುವುದಿಲ್ಲ; ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಗಳಾದ ಅಮೋನಿಯಾ ಅಥವಾ ನೈಟ್ರೈಟ್ ಇರುವ ನೀರಿನಲ್ಲಿರುವ ಮೀನೂ ತಿನ್ನುವುದಿಲ್ಲ. ಇವೆರಡೂ ನೀರಿನ ಪರೀಕ್ಷೆಯಲ್ಲಿ ಸೊನ್ನೆ ತೋರಿಸಬೇಕು, ಉಷ್ಣವಲಯದ ಜಾತಿಗಳಿಗೆ ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಬೇಕು, ಅವಿತುಕೊಳ್ಳಲು ಒಂದು ಮರೆಯೂ ಇರಬೇಕು. ಮರಿಯು ಈಗಾಗಲೇ ತಿನ್ನುತ್ತಿರುವುದನ್ನೇ ಕೆಲವು ದಿನ ಕೊಟ್ಟು, ಹೊಟ್ಟೆ ತುಂಬಿಕೊಂಡು ನಿರ್ಭಯವಾಗಿ ಓಡಾಡತೊಡಗಿದ ಮೇಲೆ ಮುಂದುವರಿಯಬೇಕು. ಒಳಸೇರಿದ ಹೊಟ್ಟೆಯ, ತಲೆಯೇ ದೊಡ್ಡದಾಗಿ ಕಾಣುವ ಬಡಕಲು ಮರಿಗೆ ಮೊದಲು ಮೈ ತುಂಬಲಿ, ಶಿಕ್ಷಣ ಆಮೇಲೆ.

ಮೊದಲ ಹೆಜ್ಜೆ ಜೀವಂತ ಮೇವಿನಿಂದ ಸತ್ತ ಮೇವಿಗೆ ದಾಟುವುದು. ಎಲ್ಲಕ್ಕಿಂತ ಕಠಿಣವಾದ ಹೆಜ್ಜೆ ಇದೇ. ಇದನ್ನು ದಾಟಿದ ಮರಿ ಅರ್ಧ ದಾರಿ ಕ್ರಮಿಸಿದಂತೆ. ಬಹಳ ಚಿಕ್ಕ ಮರಿಗಳಿಗೆ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಅಥವಾ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿ, ತುಸು ದೊಡ್ಡವಕ್ಕೆ ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿ ಒಳ್ಳೆಯದು. ಅದನ್ನು ತೊಟ್ಟಿಯ ನೀರಿನಲ್ಲಿಯೇ ಕರಗಿಸಿಕೊಂಡು, ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ಮೂಲೆಯಲ್ಲಿ ಕೊಡಬೇಕು. ಮೊದಲು ಒಂದೆರಡು ಜೀವಂತ ಹುಳುಗಳನ್ನು ಬಿಟ್ಟು, ಮರಿ ಬೇಟೆಯ ಉಮೇದಿನಲ್ಲಿರುವಾಗಲೇ ಅದೇ ಜಾಗಕ್ಕೆ ಸತ್ತ ಹುಳುಗಳನ್ನು ಬಿಟ್ಟರೆ, ಅದು ವ್ಯತ್ಯಾಸ ಗಮನಿಸುವ ಮೊದಲೇ ನುಂಗಿಬಿಡುತ್ತದೆ. ಫಿಲ್ಟರ್‌ನಿಂದ ನೀರು ಹೊರಬೀಳುವ ಕಡೆ ಹಾಕಿದರೆ ನೀರಿನ ಸೆಳೆತವೇ ಆಹಾರಕ್ಕೆ ಚಲನೆ ಕೊಡುತ್ತದೆ. ಸೀಗಡಿಯ ತುಂಡಾದರೆ ಉದ್ದನೆಯ ಪ್ಲಾಸ್ಟಿಕ್ ಚಿಮಟದ ತುದಿಯಲ್ಲಿ ಹಿಡಿದು, ಮರಿಯ ಮುಂದೆ ಅಡ್ಡಡ್ಡಲಾಗಿ ಒಂದಿಷ್ಟು ಜರುಗಿಸಿ, ನಿಲ್ಲಿಸಿ, ಮತ್ತೆ ಜರುಗಿಸಬೇಕು. ತುಂಡನ್ನು ನೇರವಾಗಿ ಮರಿಯ ಮುಖದತ್ತ ಒಯ್ಯುವುದು ತಪ್ಪು, ಏಕೆಂದರೆ ಬೇಟೆ ಎಂದೂ ಬೇಟೆಗಾರನತ್ತ ನುಗ್ಗಿ ಬರುವುದಿಲ್ಲ. ಅದು ದೂರ ಸರಿಯುತ್ತದೆ, ಆ ಸರಿಯುವಿಕೆಯೇ ಮರಿಯನ್ನು ಕೆರಳಿಸುತ್ತದೆ.

ಚಿಮಟದ ತುಂಡನ್ನು ಮರಿ ಖಚಿತವಾಗಿ ಹಿಡಿಯತೊಡಗಿದ ಮೇಲೆ ಚಲನೆಯನ್ನು ಕಡಿಮೆ ಮಾಡುತ್ತ ಬರಬೇಕು: ಮೊದಲು ಚಿಮಟದಿಂದ ಬಿಟ್ಟು ಮುಳುಗುತ್ತಿರುವಾಗ ಹಿಡಿಯಲಿ, ಬಳಿಕ ಮೇಲಿನಿಂದ ಹಾಕಿದ್ದನ್ನು ಹಿಡಿಯಲಿ. ಇಷ್ಟಾದಾಗ ಸೀಗಡಿಯ ತುಂಡುಗಳನ್ನು ಪೆಲೆಟ್‌ನ ಗಾತ್ರಕ್ಕೆ ಕತ್ತರಿಸಿ ಆಕಾರದ ಭೇದವನ್ನೂ ಅಳಿಸಬೇಕು. ಪೆಲೆಟ್‌ಗಳನ್ನು ಸೀಗಡಿ ಕರಗಿದ ನೀರಿನಲ್ಲಿ ಕೆಲವು ನಿಮಿಷ ನೆನೆಸಿದರೆ ಅವು ಮೆತ್ತಗಾಗುತ್ತವೆ, ಪರಿಚಿತ ವಾಸನೆಯನ್ನೂ ಹೀರಿಕೊಳ್ಳುತ್ತವೆ. ಐದಾರು ತುಂಡು ಸೀಗಡಿಯ ನಡುವೆ ಒಂದು ನೆನೆದ ಪೆಲೆಟ್ ಬೀಳಲಿ. ಮರಿ ಅದನ್ನು ಬಾಯಿಗೆ ಹಾಕಿಕೊಂಡು ಉಗುಳಬಹುದು, ಮತ್ತೆ ಹಿಡಿದು ಮತ್ತೆ ಉಗುಳಬಹುದು. ಇದು ಸೋಲಿನ ಲಕ್ಷಣವಲ್ಲ, ರುಚಿ ನೋಡುತ್ತಿದೆ ಎಂದರ್ಥ. ನುಂಗತೊಡಗಿದ ಮೇಲೆ ಪೆಲೆಟ್‌ಗಳ ಪಾಲನ್ನು ದಿನದಿನಕ್ಕೆ ಹೆಚ್ಚಿಸಿ, ನೆನೆಸುವ ಹೊತ್ತನ್ನು ಕಡಿಮೆ ಮಾಡುತ್ತ ಕೊನೆಗೆ ಒಣ ಪೆಲೆಟ್‌ಗೆ ತಲುಪಬಹುದು. ನಡುವೆ ಎಲ್ಲಿಯಾದರೂ ಮರಿ ಹಿಂಜರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕೇ ಹೊರತು ಜೀವಂತ ಮೀನಿಗೆ ಮರಳಬಾರದು. ಉಪವಾಸ ಕುಳಿತರೆ ಜೀವಂತ ಮೀನು ಸಿಗುತ್ತದೆ ಎಂಬುದನ್ನು ಮರಿ ಬಹಳ ಬೇಗ ಕಲಿಯುತ್ತದೆ.

ಎಲ್ಲ ಜಾತಿಗಳಿಗೂ ಒಂದೇ ಉಪಾಯ ನಡೆಯುವುದಿಲ್ಲ. ಪೀಕಾಕ್ ಬಾಸ್ ಕಣ್ಣನ್ನು ನೆಚ್ಚಿ ಬೇಟೆಯಾಡುವ ಮೀನಾದ್ದರಿಂದ ಅದಕ್ಕೆ ಚಲನೆಯೇ ಮುಖ್ಯ, ತಳಕ್ಕೆ ಬಿದ್ದ ಆಹಾರ ಅದಕ್ಕೆ ಆಹಾರವೇ ಅಲ್ಲ. ಮೇಲ್ಮುಖವಾದ ಬಾಯಿಯ ಅರೋವಾನಾಕ್ಕೆ ತೇಲುವ ಪೆಲೆಟ್ ಬೇಕು. ಬಿಚಿರ್‌ನ ದೃಷ್ಟಿ ಮಂದ, ಮೂಗು ಚುರುಕು; ಅದಕ್ಕೆ ಚಿಮಟದ ಆಟ ಬೇಕಿಲ್ಲ, ದೀಪ ಆರಿಸಿದ ಮೇಲೆ ಸೀಗಡಿಯ ವಾಸನೆ ಹಿಡಿಸಿದ ಮುಳುಗುವ ಪೆಲೆಟ್‌ಗಳನ್ನು ತಳಕ್ಕೆ ಬಿಟ್ಟರೆ ತಾನೇ ಹುಡುಕಿಕೊಂಡು ಬರುತ್ತದೆ. ಆಸ್ಕರ್ ಮರಿ ಬೇಗನೆ ಪೆಲೆಟ್ ಒಪ್ಪುವುದರಿಂದ ಅದಕ್ಕಾಗಿ ಇಷ್ಟೆಲ್ಲ ಓದಬೇಕಾದ ಅಗತ್ಯವೇ ಸಾಮಾನ್ಯವಾಗಿ ಬೀಳುವುದಿಲ್ಲ.

ಒಂಟಿ ಮರಿಗಿಂತ ಗುಂಪಿನ ಮರಿಗಳು ಆಹಾರಕ್ಕಾಗಿ ಪೈಪೋಟಿ ನಡೆಸುತ್ತ ಬೇಗ ಕಲಿಯುತ್ತವೆ. ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಗಾರ ಮೀನನ್ನು ಸಾಕುವ ಮೀನು ಕೃಷಿಕರು ನಾಲ್ಕೈದು ಸೆಂಟಿಮೀಟರ್ ಉದ್ದದ ಮರಿಗಳನ್ನು ತೊಟ್ಟಿಗಳಲ್ಲಿ ದಟ್ಟವಾಗಿ ತುಂಬಿ, ದಿನಕ್ಕೆ ಹಲವು ಬಾರಿ ಆಹಾರ ಹಾಕಿ, ಸುಮಾರು ಎರಡು ವಾರಗಳಲ್ಲಿ ಪೆಲೆಟ್‌ಗೆ ಒಗ್ಗಿಸುವುದು ಈ ಪೈಪೋಟಿಯನ್ನು ನೆಚ್ಚಿಕೊಂಡೇ. ಮನೆಯ ತೊಟ್ಟಿಯಲ್ಲಿ ಅಷ್ಟು ಮರಿಗಳಿರುವುದಿಲ್ಲವಾದರೂ, ಪೆಲೆಟ್ ಕಂಡೊಡನೆ ಮುಗಿಬೀಳುವ, ಮರಿಯ ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಶಾಂತ ಸ್ವಭಾವದ ಮೀನೊಂದಿದ್ದರೂ ಅದನ್ನು ನೋಡಿ ಮರಿ ಧೈರ್ಯ ತಾಳುತ್ತದೆ. ಆದರೆ ಒಂದೇ ಜಾತಿಯ ಮರಿಗಳನ್ನು ಒಟ್ಟಿಗೆ ಇಟ್ಟಾಗ ಗಾತ್ರದ ಮೇಲೆ ಕಣ್ಣಿಟ್ಟಿರಬೇಕು. ಮೊದಲು ಕಲಿತದ್ದು ಬೇಗ ಬೆಳೆದು ಹಿಂದುಳಿದದ್ದನ್ನೇ ನುಂಗುವುದು ಈ ಮೀನುಗಳಲ್ಲಿ ಸಾಮಾನ್ಯ.

ಹಸಿವನ್ನು ಸಾಧನವಾಗಿ ಬಳಸಬಹುದು, ಆದರೆ ಮಿತಿಯಲ್ಲಿ. ಬೆಳೆದ ಆರೋಗ್ಯವಂತ ಬೇಟೆಗಾರ ಮೀನಿಗೆ ಒಂದು ವಾರದ ಉಪವಾಸ ದೊಡ್ಡದಲ್ಲ. ಬೆಳೆಯುವ ಮರಿಗೆ ಹಾಗಲ್ಲ. ಒಂದೆರಡು ಅಂಗುಲದ ಮರಿಯನ್ನು ಒಂದು ದಿನಕ್ಕಿಂತ ಹೆಚ್ಚು ಬರಿಹೊಟ್ಟೆಯಲ್ಲಿಡದೆ, ಹೊಸ ಆಹಾರವನ್ನು ಬೆಳಗ್ಗೆ ಹಸಿದಿರುವಾಗ ಕೊಟ್ಟು, ಒಪ್ಪದಿದ್ದರೆ ಸಂಜೆ ಅದು ಬಲ್ಲ ಹೆಪ್ಪುಗಟ್ಟಿಸಿದ ಆಹಾರವನ್ನು ಕೊಡುವುದು ಸುರಕ್ಷಿತ ಕ್ರಮ. ತಿನ್ನದೆ ಉಳಿದದ್ದನ್ನು ಹತ್ತು ನಿಮಿಷದೊಳಗೆ ಕೊಳವೆಯಿಂದ ಹೀರಿ ತೆಗೆಯಬೇಕು, ಏಕೆಂದರೆ ಈ ವಾರಗಳಲ್ಲಿ ವ್ಯರ್ಥವಾಗುವ ಆಹಾರವೇ ಹೆಚ್ಚು, ಅದು ಕೊಳೆತರೆ ಅಮೋನಿಯಾ ಏರಿ ಮರಿಯ ಹಸಿವೇ ಅಡಗುತ್ತದೆ.

ಪೆಲೆಟ್ ಕೊಳ್ಳುವಾಗ ಪದಾರ್ಥಗಳ ಪಟ್ಟಿಯ ಮೊದಲಲ್ಲಿ ಮೀನು, ಸೀಗಡಿ ಅಥವಾ ಕ್ರಿಲ್ (ಸೀಗಡಿಯಂಥ ಸಣ್ಣ ಕಡಲಜೀವಿ) ಇರುವುದನ್ನು ಆರಿಸಿ, ಮರಿ ಸಲೀಸಾಗಿ ನುಂಗಬಲ್ಲ ಗಾತ್ರದ್ದನ್ನೇ ತರಬೇಕು. ತೆರೆದ ಡಬ್ಬಿಯಲ್ಲಿ ಕೊಬ್ಬು ಕಮಟಾಗುತ್ತದೆ, ಸಿ ಜೀವಸತ್ವವೂ ಕುಂದುತ್ತದೆ. ಆದ್ದರಿಂದ ಚಿಕ್ಕ ಡಬ್ಬಿ ಕೊಂಡು, ಬಿಗಿಯಾಗಿ ಮುಚ್ಚಿ ತಂಪಾದ ಕಡೆ ಇಡುವುದು ಲೇಸು. ಮರಿ ಪೆಲೆಟ್ ಕಲಿತ ಮೇಲೂ ವಾರಕ್ಕೆ ಒಂದೆರಡು ಬಾರಿ ಸೀಗಡಿ, ಮೀನಿನ ತುಂಡು ಕೊಡುತ್ತಿದ್ದರೆ ಒಂದೇ ಆಹಾರಕ್ಕೆ ಅಂಟಿಕೊಳ್ಳುವ ಇನ್ನೊಂದು ರೂಢಿ ಬೆಳೆಯುವುದಿಲ್ಲ.

ಅಮೆಜಾನಿನ ಎಲೆಮೀನಿನಂಥ ಕೆಲವು ಜಾತಿಗಳು ಎಷ್ಟು ತಾಳ್ಮೆಯಿಂದ ಕಲಿಸಿದರೂ ಸತ್ತ ಆಹಾರವನ್ನು ಒಪ್ಪುವುದು ಅಪರೂಪ. ಅವನ್ನು ಸಾಕಲೇಬೇಕೆಂದಿದ್ದರೆ ಪ್ರತ್ಯೇಕ ತೊಟ್ಟಿಯಲ್ಲಿ ಗಪ್ಪಿಗಳನ್ನು ತಾವೇ ಬೆಳೆಸಿ, ಅವಕ್ಕೆ ಒಳ್ಳೆಯ ಆಹಾರ ತಿನ್ನಿಸಿ ಮೇವಾಗಿ ಕೊಡುವ ಏರ್ಪಾಟನ್ನು ಮೀನು ತರುವ ಮೊದಲೇ ಮಾಡಿಕೊಂಡಿರಬೇಕು.