ಹನ್ನೊಂದು ಮರಿ ಹಾಕಿದ ಮೊಲದ ಹೆಣ್ಣುಮಕ್ಕಳು

ತೀರ್ಥಹಳ್ಳಿ ಕಡೆ ನಮ್ಮ ಮನೆ. ದನ ಕಮ್ಮಿಯಾದ ಮೇಲೆ ಕೊಟ್ಟಿಗೆ ಅರ್ಧ ಖಾಲಿ ಬಿದ್ದಿತ್ತು. ಅಲ್ಲಿ ಗೂಡು ಮಾಡಿ, ನ್ಯೂಜಿಲೆಂಡ್ ವೈಟ್ ತಳಿಯ ಆರು ಹೆಣ್ಣು, ಎರಡು ಗಂಡು ಮೊಲ ತಂದು ಬಿಟ್ಟೆ.

ಎರಡನೇ ವರ್ಷ ಅದರಲ್ಲಿ ಒಂದು ಹೆಣ್ಣು ಒಂದೇ ಸೂಲಿಗೆ 11 ಮರಿ ಹಾಕಿತು. ಉಳಿದವೆಲ್ಲ ಆರೋ ಏಳೋ. ಅದಕ್ಕಿದ್ದದ್ದು ಎಂಟೇ ಮೊಲೆತೊಟ್ಟು. ಅದೇ ದಿನ ಈದಿದ್ದ ಇನ್ನೊಂದರ ಪೆಟ್ಟಿಗೆಗೆ ಮೂರು ಮರಿ ದಾಟಿಸಿದೆ. ಎಲ್ಲವೂ ಬದುಕಿದವು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಅಂತಾರಲ್ವಾ? ಅದರ ನಾಲ್ಕು ಹೆಣ್ಣು ಮರಿ ಇಟ್ಟುಕೊಂಡೆ. ಜೊತೆಗೆ ಅದೇ ಸೂಲಿನ ಒಂದು ಗಂಡನ್ನೂ!

ಆರು ತಿಂಗಳಿಗೆ ಅಣ್ಣ ತಂಗಿಯರನ್ನೇ ಕೂಡಿಸಿದೆ. 31 ದಿನ ಎಣಿಸಿದ್ದೇ ಎಣಿಸಿದ್ದು. ಬಂದದ್ದು 5, 6, 4, 6. ಅದರಲ್ಲೂ ಎರಡು ಸತ್ತೇ ಹುಟ್ಟಿದವು. ಗೂಡಿನ ಮುಂದೆ ಸುಮ್ನೆ ಕೂತುಬಿಟ್ಟೆ.

ಆಮೇಲೆ ಪಶುವೈದ್ಯರೊಬ್ಬರು ಲೆಕ್ಕ ಹೇಳಿದರು. ಮೊಲಗಳಲ್ಲಿ ಮರಿಗಳ ಸಂಖ್ಯೆ ಒಂದರಿಂದೊಂದಕ್ಕೆ ಬೇರೆಯಾಗುತ್ತದಲ್ಲ, ಆ ವ್ಯತ್ಯಾಸದಲ್ಲಿ ವಂಶಪಾರಂಪರ್ಯವಾಗಿ ದಾಟುವುದು ನೂರಕ್ಕೆ ಹತ್ತರ ಆಸುಪಾಸು. ಉಳಿದದ್ದು ಮೇವು, ಸೆಕೆ, ವಯಸ್ಸು, ಎಷ್ಟನೇ ಸೂಲು, ಅದೃಷ್ಟ. ಮಗಳಿಗೆ ತಾಯಿಯಿಂದ ಬರುವುದು ಅದರಲ್ಲೂ ಅರ್ಧ. ತಾಯಿ ಉಳಿದವಕ್ಕಿಂತ ನಾಲ್ಕು ಮರಿ ಜಾಸ್ತಿ ಹಾಕಿದರೂ ಮಗಳಲ್ಲಿ ಕಾಲು ಮರಿಯಷ್ಟೂ ಹೆಚ್ಚು ಕಾಯುವ ಹಾಗಿಲ್ಲ. ಮೊದಲ ಸೂಲು ಹೇಗೂ ಸಣ್ಣದು. ಅದರ ಮೇಲೆ ನಾನು ರಕ್ತಸಂಬಂಧದಲ್ಲೇ ಕೂಡಿಸಿದ್ದೆ. ಹಾಗೆ ಮಾಡಿದರೆ ಮರಿ ಕಮ್ಮಿಯಾಗುತ್ತವೆ, ಸಾಯುವುದೂ ಜಾಸ್ತಿ. ನಾಟಿ ಕೋಳಿ ಸಾಕಿದ ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು. ನಾನು ಕೇಳಬೇಕಿತ್ತಷ್ಟೇ.

ಆ ಗಂಡನ್ನು ಮಾರಿ, ಸಾಗರದ ಕಡೆಯಿಂದ ಸಂಬಂಧವೇ ಇಲ್ಲದ ಸೋವಿಯತ್ ಚಿಂಚಿಲಾ ಅನ್ನೋ ತಳಿಯ ಗಂಡು ಮೊಲ ತಂದೆ. ಗಂಡು ಮರಿ ಹಾಕುವುದಿಲ್ಲ ನಿಜ, ಆದರೆ ಅದರ ತಾಯಿಯ ಗುಣ ನಮ್ಮ ಮೊಲಗಳಿಗೆ ಬರುವುದು ಅದರ ಮೂಲಕವೇ. ಹಾಗಾಗಿ ಅದರ ತಾಯಿ ನಾಲ್ಕು ಸೂಲಿನಲ್ಲಿ ಎಷ್ಟೆಷ್ಟು ಹಾಕಿತ್ತು ಅಂತ ಕೇಳಿ, ಬರೆದುಕೊಂಡೇ ಬಂದೆ.

ಈಗ ಅಡಿಕೆ ಲೆಕ್ಕದ ಹಳೇ ಡೈರಿಯಲ್ಲಿ ಪ್ರತಿ ಹೆಣ್ಣಿಗೂ ಒಂದು ಪುಟ. ಹುಟ್ಟಿದ್ದೆಷ್ಟು, 21ನೇ ದಿನಕ್ಕೆ ಉಳಿದದ್ದೆಷ್ಟು. ಮೂರು ಸೂಲು ನೋಡದೆ ಯಾವುದರ ಮರಿಯನ್ನೂ ತಳಿಗೆ ಇಟ್ಟುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೂಲುಗಳಿಗೆ ಬೇರೆ ಗುರುತು ಹಾಕುತ್ತೇನೆ. ಬಿಸಿಲಿಗೆ ಗಂಡಿನ ಬೀಜದ ಶಕ್ತಿ ಕುಂದಿ ಮರಿ ಕಮ್ಮಿಯಾದರೆ ಹೆಣ್ಣಿಗೆ ಯಾಕೆ ಕಮ್ಮಿ ಅಂಕ?

ನನ್ನ ಕಣ್ಣಿಗೆ ಈಗ ಒಳ್ಳೆಯ ಹೆಣ್ಣು ಅಂದರೆ ಮೂಲೆ ಗೂಡಿನದು. 8, 8, 7, 8. ಅಮ್ಮ ಮಾತ್ರ ಮನೆಗೆ ನೆಂಟರು ಬಂದರೆ ಹನ್ನೊಂದು ಹಾಕಿದ್ದನ್ನೇ ಕರೆದುಕೊಂಡು ಹೋಗಿ ತೋರಿಸುತ್ತಾರೆ.